ರೇಡಿಯೇಟರ್ ತಣ್ಣಗಿತ್ತು

ನಮ್ಮಪ್ಪ ಮಗಳಾದ ನನ್ನ ಮಾತು ಕೇಳತೊಡಗಿ ಹದಿನಾಲ್ಕು ತಿಂಗಳಾಗಿತ್ತು. ಅದಕ್ಕೂ ಮೊದಲು ಮಹಾದೇವಪ್ಪ ಎಂಬ ಆ ಮನುಷ್ಯ ಯಾರ ಮಾತನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಇಪ್ಪತ್ತಾರು ವರ್ಷ ಕಂಟೇನರ್ ಲಾರಿ ಓಡಿಸಿದವನು. ಬಂದರಿನಿಂದ ಪುಣೆ, ಪುಣೆಯಿಂದ ಸೊಲ್ಲಾಪುರ. ಹೋದ ವರ್ಷದ ಮಳೆಗಾಲದಲ್ಲಿ ಖಂಡಾಳಾ ಘಾಟಿನಲ್ಲಿ ಎದೆ ಹಿಡಿದುಕೊಂಡಿತು. ಗಾಡಿಯನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಆಮೇಲೆ ಸ್ಟೇರಿಂಗ್ ಮೇಲೆ ಒರಗಿದ. ಆಸ್ಪತ್ರೆಗೆ ಬಂದವರೆಲ್ಲ ಅದನ್ನೇ ಹೊಗಳಿದರು. ಅಪ್ಪನಿಗೆ ಮಾತ್ರ ಅದು ನೆನಪಿರಲಿಲ್ಲ. ಕಣ್ಣು ಕತ್ತಲಾಗಿ, ರಸ್ತೆ ಒಂದು ಸೆಕೆಂಡ್ ನಿಂತು, ಮತ್ತೆ ಬೆಳಕಾದಾಗ ತಿರುವು ಮೂಗಿನ ಮುಂದೆಯೇ ಇದ್ದದ್ದು ನೆನಪಿತ್ತು.

“ಆ ಸೆಕೆಂಡಿನಾಗ ಮುಂದ ಸಾಲಿ ಬಸ್ ಇದ್ದಿದ್ರ?” ಎಂದು ಒಮ್ಮೆ ಕೇಳಿದ್ದ. ಆಮೇಲೆ ಆ ಮಾತು ಎತ್ತಲಿಲ್ಲ.

ಎದೆಯ ರಕ್ತನಾಳಕ್ಕೆ ಎರಡು ಸ್ಪ್ರಿಂಗ್, ಅಂದರೆ ಸ್ಟೆಂಟ್, ಕೂಡಿಸಿದರು. ದೊಡ್ಡ ಗಾಡಿ ಬೇಡ, ಉಳಿದದ್ದೆಲ್ಲ ಮಾಡಲಿ, ದಿನಾ ನಡೆಯಲಿ, ಮೂರು ತಿಂಗಳಾದ ಮೇಲೆ ಸ್ಕೂಟರ್ ಕೂಡ ಓಡಿಸಲಿ ಎಂದರು ಡಾಕ್ಟರು. ನಾನು ‘ಬೇಡ’ ಎಂಬುದೊಂದನ್ನೇ ಮನೆಗೆ ತಂದೆ. ಸ್ಕೂಟರಿನ ಕೀಲಿ ಅಕ್ಕಿ ಡಬ್ಬಿಯೊಳಗೆ ಹೋಯಿತು. ಮನೆ ಹತ್ತಿರದ ಕಾಮೋಠೆಯ ಮಾರ್ಕೆಟ್ಟಿಗೆ ಒಬ್ಬನೇ ಹೋಗಬೇಡ, ಸಿಲಿಂಡರ್ ಎತ್ತಬೇಡ, ಲಿಫ್ಟ್ ಬಂದ್ ಇದ್ದರೆ ಕೆಳಗೆ ಇಳಿಯಬೇಡ. ಎಲ್ಲದಕ್ಕೂ ಅಪ್ಪ “ಆತು” ಅಂದ. ಅಪ್ಪ ಹೀಗೆ ‘ಆತು’ ಅನ್ನತೊಡಗಿದಾಗಲೇ ನಾನು ಹೆದರಬೇಕಿತ್ತು. ನಾನೋ, ಅಪ್ಪ ಎಷ್ಟು ಒಳ್ಳೆಯವನಾದ ಎಂದುಕೊಂಡೆ.

ಅವನು ಗೋಡೆ ಕಡೆ ಮುಖ ಮಾಡಿ ಮಲಗುವುದು ಹೆಚ್ಚಾದಾಗ ಕಂಪ್ಯೂಟರ್ ತಂದೆ. ನಾನು ಕಳಂಬೋಲಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿ ಒಬ್ಬರು ತಮ್ಮ ಹಳೆಯ ಗೇಮಿಂಗ್ ಕಂಪ್ಯೂಟರನ್ನು ಸ್ಟೇರಿಂಗ್ ಸಮೇತ ಮಾರುತ್ತಿದ್ದರು. ಅದರಲ್ಲಿ ಲಾರಿ ಓಡಿಸುವ ಆಟವಿತ್ತು. ಅವ್ವ ನೋಡಿದವಳೇ, “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ” ಅಂದಳು. ಅಪ್ಪ ಮಂಚದಿಂದ ಏಳಲಿಲ್ಲ.

ಎರಡು ವಾರದ ನಂತರ ಒಂದು ಶನಿವಾರ ಆಫೀಸಿನಿಂದ ಬಂದರೆ ಮಂಚ ಖಾಲಿ. ಅಪ್ಪ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಸ್ಟೇರಿಂಗನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಬೆಳಗಿನ ಹೊತ್ತು ನಿಜವಾದ ಗಾಡಿ ಹತ್ತುವಾಗ ಮಾಡುತ್ತಿದ್ದುದು ಹಾಗೇ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಆದರೆ ಆ ಹಳೆಯ ಯಂತ್ರಕ್ಕೆ ಘಾಟು ಹತ್ತುವ ಶಕ್ತಿ ಇರಲಿಲ್ಲ. ಸಪಾಟು ರಸ್ತೆಯಲ್ಲಿ ಸರಿ ಹೋಗುತ್ತಿತ್ತು. ತಿರುವಿನಲ್ಲಿ ಚಿತ್ರ ಒಂದು ಸೆಕೆಂಡ್ ನಿಂತು, ಆಮೇಲೆ ಜಿಗಿದು, ಲಾರಿ ತಡೆಗೋಡೆಯ ಹತ್ತಿರ ಇರುತ್ತಿತ್ತು. ಅಪ್ಪ ಸ್ಟೇರಿಂಗ್ ಬಿಟ್ಟುಬಿಟ್ಟ.

“ನೋಡಿದೇನು? ಮತ್ತ ನಿಂತಿತು,” ಅಂದ. ಮರುದಿನ ಕುರ್ಚಿ ಗೋಡೆಗೆ ಸರಿದಿತ್ತು.

ಆಟದಲ್ಲಾದರೂ ಅವನು ಆ ಘಾಟು ದಾಟಬೇಕು ಎಂದು ನನಗೆ ಹಟ ಬಂತು. ನಮ್ಮ ಮನೆಯಲ್ಲಿ ಹಟ ನನ್ನ ಇಲಾಖೆ.

ಮುಂದಿನ ಭಾನುವಾರ ಅಪ್ಪನನ್ನು ಎಬ್ಬಿಸಿ ಸಾನಪಾಡಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಂಗಳೂರು ಕಡೆಯ ಕುಶಲ ಎಂಬವರ ಕಂಪ್ಯೂಟರ್ ಅಂಗಡಿ ಇದೆ. ನಮ್ಮ ಯಂತ್ರದ ಒಳಗಿನ ಫೋಟೋ ನೋಡಿ ಅವರು ಯಂತ್ರ ನಡೆಸುವ ಎರಡು ಪ್ರೊಸೆಸರ್ ಚಿಪ್ ಎದುರಿಗಿಟ್ಟರು.

“ನಿಮ್ಮ ಬೋರ್ಡಿಗೆ ಎರಡೂ ಕೂರ್ತದೆ. ಇದು ಎಂಟು ಕೋರಿಂದು, ಭಾರೀ ಜೋರುಂಟು. ಆದ್ರೆ ಬಿಸಿ ಆಗ್ತದೆ ಮಾರಾಯ್ರೆ. ಇದನ್ನು ತಗೊಂಡ್ರೆ ನಿಮ್ಮ ಬಜೆಟ್ಟಲ್ಲಿ ಸಣ್ಣ ಕೂಲರೇ ಗತಿ. ಆರು ಕೋರಿಂದು ತಗೊಂಡ್ರೆ ದೊಡ್ಡ ಕೂಲರ್ ಕೊಡ್ಬಹುದು.”

“ಎಂಟರದು ಕೊಡ್ರಿ,” ಅಂದೆ ನಾನು. ದೊಡ್ಡ ಸಂಖ್ಯೆ ಕಂಡರೆ ಬಿಡುವವಳಲ್ಲ.

ಹಿಂದಿನಿಂದ ಅಪ್ಪ ಕೆಮ್ಮಿದ. “ಕೂಲರ್ ಅಂದ್ರ ರೇಡಿಯೇಟರ್ ಏನ್ರಿ?”

“ಹೌದು ಅಣ್ಣ. ಹಾಗೇ ಹೇಳ್ಬಹುದು.”

ಅಪ್ಪ ದೊಡ್ಡ ಕೂಲರನ್ನು ಕೈಗೆ ತೆಗೆದುಕೊಂಡ. ತಾಮ್ರದ ಕೊಳವೆ, ಮೇಲೆ ಒತ್ತೊತ್ತಾದ ತಗಡಿನ ಎಲೆಗಳು, ಪಕ್ಕದಲ್ಲಿ ಫ್ಯಾನು. ಹೆಬ್ಬೆರಳಿನಿಂದ ಆ ಎಲೆಗಳನ್ನು ಸವರಿದ. “ಎಂಜಿನ್ ದೊಡ್ಡದು ಹಾಕಿ ರೇಡಿಯೇಟರ್ ಸಣ್ಣದು ಇಟ್ರ ಅದು ಘಾಟ್ ಹತ್ತೂದಿಲ್ಲವಾ. ನಡುವ ಕುದ್ದು ನಿಲ್ತದ. ಸಣ್ಣ ಎಂಜಿನ್ ಇರವಲ್ದ್ಯಾಕ, ತಣ್ಣಗ ಇದ್ರ ನಿಧಾನ ಹತ್ತಿ ಮುಟ್ಟಿಸ್ತದ. ಆರರದು ಕೊಡ್ರಿ.”

ಕುಶಲ ಜೋರಾಗಿ ನಕ್ಕರು. “ನಾನು ಇಡೀ ದಿನ ಹುಡುಗರಿಗೆ ಇದನ್ನೇ ಹೇಳುವುದು, ಒಬ್ಬನಿಗೂ ಅರ್ಥ ಆಗುದಿಲ್ಲ.”

ಕೂಡಿಸಿಕೊಡಲು ಅವರೇ ಸಿದ್ಧರಿದ್ದರು. ಅಪ್ಪ ತಾನೇ ಕೂಡಿಸುತ್ತೇನೆ ಎಂದ. ಹದಿನಾಲ್ಕು ತಿಂಗಳಲ್ಲಿ ಅವನ ಬಾಯಿಂದ ‘ಮಾಡ್ತೀನಿ’ ಎಂಬ ಮಾತು ಬಂದದ್ದು ಅದೇ ಮೊದಲು. ಹೊರಡುವಾಗ ಕುಶಲ, ಕೂಲರ್ ಎತ್ತರ ಇದೆ, ನಿಮ್ಮ ಪೆಟ್ಟಿಗೆಯಲ್ಲಿ ಹಿಡಿಸದಿದ್ದರೆ ಏನೂ ಕೆಡಿಸದೆ ವಾಪಸ್ ತನ್ನಿ, ಬದಲಿಸಿ ಕೊಡುತ್ತೇನೆ ಎಂದರು. ಅಷ್ಟು ಸಾಕಿತ್ತು ನನಗೆ. ಮನೆ ಮುಟ್ಟುವವರೆಗೆ ಅಪ್ಪನಿಗೆ ಮೂರು ಸಲ ಹೇಳಿದೆ: ಗೀಚಬ್ಯಾಡ, ಬೀಳಸಬ್ಯಾಡ, ಯಾವ ಪ್ಲಾಸ್ಟಿಕ್ಕೂ ಕೀಳಬ್ಯಾಡ.

ಅಪ್ಪ ಮೊಬೈಲಿನ ವಿಡಿಯೋ ನೋಡುತ್ತಾ ಹಳೆಯದನ್ನು ಬಿಚ್ಚಿದ, ಹೊಸ ಪ್ರೊಸೆಸರನ್ನು ಕೂಸಿನ ಹಾಗೆ ಮಲಗಿಸಿದ, ಅದರ ಮೇಲೆ ಬಿಸಿಯನ್ನು ಕೂಲರಿಗೆ ದಾಟಿಸುವ ಬೂದು ಬಣ್ಣದ ಪೇಸ್ಟ್ ಹಚ್ಚಿದ. ಅದನ್ನು ಅವನು ‘ಗ್ರೀಸ್’ ಅಂದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

“ಅನಸೂಯಾ, ಇದರ ತಳಕ್ಕ ಒಂದು ತೆಳು ಹಾಳಿ ಅಂಟ್ಯಾದ. ತೆಗೀಲೇನು?”

“ಏನೂ ತೆಗೀಬ್ಯಾಡ ಅಂತ ಎಷ್ಟು ಸಲ ಹೇಳಬೇಕು ಅಪ್ಪಾ ನಿನಗ?” ತಿರುಗಿ ಕೂಡ ನೋಡಲಿಲ್ಲ ನಾನು.

“ಆತು,” ಅಂದ.

ಕೂಲರ್ ಪೆಟ್ಟಿಗೆಯಲ್ಲಿ ಸರಿಯಾಗಿ ಹಿಡಿಸಿತು. ಅವ್ವ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ತಂದು ಸ್ಟೇರಿಂಗಿಗೆ ಕಟ್ಟಿದಳು. ಅಪ್ಪ ಮುಟ್ಟಿ ಕಣ್ಣಿಗೊತ್ತಿಕೊಂಡು ಲಾರಿ ಬಿಟ್ಟ. ಘಾಟಿನ ಬುಡ ಮುಟ್ಟುವಷ್ಟರಲ್ಲಿ ಚಿತ್ರ ಹಿಂದಿಗಿಂತ ಹೆಚ್ಚು ತಡವರಿಸಿತು, ಆಮೇಲೆ ಪರದೆ ಪೂರ್ತಿ ಕಪ್ಪಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆವು. ಮತ್ತೆ ಕಪ್ಪು.

ಅಪ್ಪ ಎದ್ದು ಹೋಗಿ ಮಂಚದ ಮೇಲೆ ಬಿದ್ದುಕೊಂಡ. “ನನ್ನ ಕೈಯಾಗ ಏನೂ ಉಳದಿಲ್ಲವಾ. ಮುಟ್ಟಿದ್ದೆಲ್ಲ ನಿಲ್ತದ. ಅವರಿಗೇ ಕೊಟ್ಟು ಬಾ,” ಅಂದು ಗೋಡೆ ಕಡೆ ತಿರುಗಿದ.

ಕುಶಲರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಿಟ್ಟು ಬಂತು. ಅವರ ಮೇಲೆ, ಯಂತ್ರದ ಮೇಲೆ, ಸುಮ್ಮನಿದ್ದವನನ್ನು ಎಬ್ಬಿಸಿ ಕೂರಿಸಿದ ನನ್ನ ಮೇಲೆ. ತಂತಿ ಕಿತ್ತು, ಪೆಟ್ಟಿಗೆ ಎತ್ತಲು ಹೋದೆ.

“ರೇಡಿಯೇಟರ್ ಕಾದದೇನು?” ಮಂಚದಿಂದ ಕೇಳಿತು. ಮುಖ ಇನ್ನೂ ಗೋಡೆಗೇ ಇತ್ತು.

ಕೈ ಹಾಕಿ ಮುಟ್ಟಿದೆ. “ಇಲ್ಲ. ತಣ್ಣಗ ಅದ.”

“ತಣ್ಣಗ?” ಅಪ್ಪ ಎದ್ದು ಕೂತ. “ಫ್ಯಾನ್ ಮಗ್ಗಲಿನ ಕೊಳವಿ ಹಿಡದು ನೋಡು. ತಳಕ್ಕ ನೋಡು.”

“ಎಲ್ಲಾ ತಣ್ಣಗ ಅದ ಅಪ್ಪಾ.”

ಅವನು ಇಳಿದು ಬಂದು ತಾನೇ ಮುಟ್ಟಿದ. “ಎಂಜಿನ್ ಕುದ್ದು ಬಂದ್ ಆಗ್ತದ, ರೇಡಿಯೇಟರ್ ತಣ್ಣಗ ಅದ ಅಂದ್ರ ಬಿಸಿ ಇಲ್ಲೀತನಾ ಬಂದೇ ಇಲ್ಲ. ನಡುವ ಏನೋ ಅಡ್ಡ ಅದ. ಸ್ಕ್ರೂಡ್ರೈವರ್ ಕೊಡು.”

ನಾಲ್ಕು ಸ್ಕ್ರೂ ಬಿಚ್ಚಿ ಕೂಲರನ್ನು ತಿರುಗಿಸಿ ಹಿಡಿದ. ತಳದಲ್ಲಿ ಪೇಸ್ಟ್ ಮೆತ್ತಿಕೊಂಡಿದ್ದ ತೆಳು ಪ್ಲಾಸ್ಟಿಕ್ ಹಾಳೆ. ಬೆರಳಿನಿಂದ ಒರೆಸಿದಾಗ ಇಂಗ್ಲಿಷ್ ಅಕ್ಷರ ಕಂಡವು. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು.

“ಏನು ಬರದಾರ ಇದರ ಮ್ಯಾಲ?”

ಏನಾದರೂ ಹೇಳಬಹುದಿತ್ತು. ಕಂಪನಿಯ ಹೆಸರು ಎಂದರೂ ನಂಬುತ್ತಿದ್ದ.

“ಕೂಡಿಸೂ ಮೊದಲ ತೆಗೀರಿ, ಅಂತ ಬರದಾರ. ತಪ್ಪು ನಂದು ಅಪ್ಪಾ. ನೀ ಕೇಳಿದ್ದಿ.”

ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಆಸೆಯೂ ಆಯಿತು. ಅಪ್ಪ ಹಾಳೆಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಒಂದೇ ಸಲಕ್ಕೆ ಕಿತ್ತ. ಕೆಳಗೆ ತಾಮ್ರ ಹೊಳೆಯಿತು.

“ನನ್ನ ಕೈ ‘ತೆಗಿ’ ಅಂತಿತ್ತು,” ಅಂದ. “ಕೈ ಮಾತು ಬಿಟ್ಟು ನಿನ್ನ ಕೇಳಿದೆ ನಾ.”

ಒರೆಸಿ, ಉಳಿದ ಪೇಸ್ಟ್ ಹಚ್ಚಿ, ಮತ್ತೆ ಕೂಡಿಸಿದ. ಆ ಸಂಜೆ ಲಾರಿ ಘಾಟು ಹತ್ತಿತು. ಒಂದು ತಿರುವು, ಎರಡು, ಏಳು. ಎಲ್ಲಿಯೂ ನಿಲ್ಲಲಿಲ್ಲ. ಮೇಲೆ ಮುಟ್ಟಿದ ಮೇಲೆ ಅಪ್ಪ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿದ. ಹಾಕಿದ ಕೈಯನ್ನೇ ನೋಡುತ್ತಾ ಕೂತ.

“ಅವತ್ತೂ ಹಿಂಗ ಹಾಕಿದ್ನಲ್ಲವಾ ನಾ,” ಅಂದ.

“ಹೂಂ ಅಪ್ಪಾ. ಹಿಂಗ ಹಾಕಿದ್ದಿ.” ನನಗೆ ಅಳು ಬಂತು, ರೊಟ್ಟಿ ನೆಪ ಮಾಡಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. “ಸಾನಪಾಡಾಕ್ಕ ಹೋಗಿ ಬರ್ತೀನಿ. ಆ ಹಾಳಿ ವಿಷಯ ಕುಶಲಗ ಹೇಳಬೇಕು, ಬ್ಯಾರೆಯವರಿಗಾದ್ರೂ ಮೊದಲ ಹೇಳಲಿ.”

ಹೋಗಲೇನು ಎಂದು ಕೇಳಲಿಲ್ಲ. ಬರ್ತೀನಿ ಅಂದ. ಎದೆಯ ಎರಡು ಸ್ಪ್ರಿಂಗು, ಹೆದ್ದಾರಿಯ ಟ್ರಕ್ಕುಗಳು, ಬಿಸಿಲು ಎಲ್ಲ ಒಮ್ಮೆಗೇ ನನ್ನ ನಾಲಿಗೆಗೆ ಬಂದವು. ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಸ್ಕೂಟರಿನ ಕೀಲಿ ಹುಡುಕಿದೆ. ಅಂಟಿದ್ದ ಅಕ್ಕಿ ಕಾಳು ಉದುರಿಸಿ ಅವನ ಅಂಗೈಗೆ ಹಾಕಿದೆ.

“ಹೆಲ್ಮೆಟ್ ಹಾಕ್ಕೋ,” ಅಂದೆ. ಅದೊಂದನ್ನು ನುಂಗಲಾಗಲಿಲ್ಲ.

“ನೋಡೂಣು,” ಅಂದ ಅಪ್ಪ, ಹೆಲ್ಮೆಟ್ ಎತ್ತಿಕೊಂಡು ಮೆಟ್ಟಿಲಿಳಿದ.