ಒಂದೇ ಮನೇಲಿ ಇಬ್ಬರು ಕೊಲ್ಲಾಪುರಮ್ಮ

ಮಧುಗಿರೀಲಿ ಮನೆ ಮುಂದಿನ ಕೋಣೇಲೇ ನಮ್ಮದೊಂದು ಫೋಟೋ ಸ್ಟುಡಿಯೋ. ನಮ್ಮನೆಯವರು, ಪ್ರಸನ್ನ ಕುಮಾರ್ ಅಂತ, ಕ್ಯಾಮೆರಾ ಹಿಡೀತಾರೆ. ಕಂಪ್ಯೂಟರ್ ನನ್ನದು. ಅವರ ಕೈಗೆ ಮೌಸ್ ಕೊಟ್ಟರೆ ಒಲೆಕಟ್ಟೆ ಒರೆಸೋ ಬಟ್ಟೆ ಹಿಡಿದಂಗೆ ಹಿಡೀತಾರೆ. ಮೈದುನ ಚೇತನ್ ಪಾವಗಡದಲ್ಲಿ ಬೇರೆ ಸ್ಟುಡಿಯೋ ಇಟ್ಟಿದ್ದಾನೆ. ಭಾಗ ಆದಮೇಲೆ ಅಣ್ಣತಮ್ಮಂದಿರ ಮಾತು ಅಷ್ಟಕ್ಕಷ್ಟೆ.

ಮೊನ್ನೆ ಚೇತನ್ ಕಂಪ್ಯೂಟರ್ ಸುಟ್ಟೋಯ್ತು. ಡಿಸ್ಕ್ ಮಾತ್ರ ಉಳಿದಿತ್ತು. ಟವೆಲಲ್ಲಿ ಸುತ್ತಿಕೊಂಡು ಬಸ್ಸಲ್ಲಿ ಬಂದ.

"ಅತ್ತಿಗೆ, ನಾಗಲಮಡಿಕೆಯೋರ ಮದುವೆ ವಿಡಿಯೋ ಎಲ್ಲಾ ಇದ್ರಾಗೇ ಐತೆ. ಹೆಂಗಾರ ಮಾಡಿ ತೆಗೀರಿ."

ನಮ್ಮ ಕಂಪ್ಯೂಟರಿಗೆ ಹಾಕಿದೆ. ತೆರೀಲಿಲ್ಲ. ನಮ್ಮದೂ ಅವನದೂ ವಿಂಡೋಸ್ ಅಲ್ಲ, ಲಿನಕ್ಸ್. ಅದರಲ್ಲಿ ಡಿಸ್ಕುಗಳನ್ನ ಗುಂಪು ಮಾಡಿ ಒಂದು ಹೆಸರಿಡ್ತೀವಿ, ವಾಲ್ಯೂಮ್ ಗ್ರೂಪ್ ಅಂತಾರೆ. ನಮ್ಮ ಗುಂಪಿನ ಹೆಸರು ಕೊಲ್ಲಾಪುರಮ್ಮ, ನಮ್ಮ ಅತ್ತೆ ಹೆಸರು. ನಮ್ಮನೆಯವರೇ ಹಠ ಹಿಡಿದು ಇಡಿಸಿದ್ದು. ಚೇತನ್‌ದು ನೋಡಿದರೆ ಅದೂ ಕೊಲ್ಲಾಪುರಮ್ಮ! ಒಂದೇ ಹೆಸರಿನ ಎರಡು ಗುಂಪು ಒಂದೇ ಮೆಷಿನ್ನಲ್ಲಿ ಬಾಳಲ್ಲ.

"ಏನಿಲ್ಲ, ಒಂದರ ಹೆಸರು ಬದಲಾಯಿಸಿದರೆ ಆಯ್ತು, ಒಂದೇ ಸಾಲು," ಅಂದೆ. ಬಾಯಿ ಮುಚ್ಕೊಂಡಿದ್ದಿದ್ರೆ ಚೆನ್ನಾಗಿತ್ತು.

"ಅವನದು ಬದಲಾಯ್ಸು. ಹಿರೀಮಗ ನಾನು," ಅಂದರು ಇವರು.

"ಅಮ್ಮ ನಿನಗೊಬ್ಬನಿಗೇನಾ? ಅಮ್ಮನ ಹೆಸರು ತೆಗಿಯಂಗಿದ್ರೆ ಡಿಸ್ಕ್ ವಾಪಸ್ ಕೊಡ್ರಿ," ಅಂದ ಚೇತನ್. ಮದುವೆ ವಿಡಿಯೋ ಹಾಳಾಗೋಗ್ಲಿ ಅಂತ ಡಿಸ್ಕ್ ಸುತ್ತಿಕೊಳ್ಳೋಕೆ ಟವೆಲ್ ಹರಡಿಕೊಂಡು ನಿಂತ.

ಹೆಸರಿನ ಮುಂದೆ ಒಂದಕ್ಕೆ ದೊಡ್ಡ, ಒಂದಕ್ಕೆ ಚಿಕ್ಕ ಅಂತ ಸೇರಿಸಾಣ ಅಂದೆ. ಚಿಕ್ಕದು ಇಬ್ಬರಿಗೂ ಬೇಡ. ನನಗೆ ಮೈಯೆಲ್ಲ ಉರಿದೋಯ್ತು. ಇವರಮ್ಮ ಮಂಡಿ ನೋವು ಅಂತ ಒದ್ದಾಡ್ತಿದ್ರೆ ಒಂದು ಮಾತ್ರೆ ತಂದವರಿಲ್ಲ, ಹೆಸರಿಗೆ ಮಾತ್ರ ಮಹಾಯುದ್ಧ.

ಅತ್ತೆ ಒಳಗೆ ಅವರೆಕಾಯಿ ಸುಲೀತಾ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದರು.

"ಯಾಕ್ರಲಾ ಕಿತ್ತಾಡ್ತೀರಾ? ಒಂದ್ ಮನೇಲಿ ಒಂದೇ ಹೆಸ್ರಿನೋರು ಇಬ್ರಿದ್ರೆ, ಆಮೇಲೆ ಬಂದೋಳ ಹೆಸ್ರು ತೆಗೀತಾರೆ. ನಂದೂ ಅಂಗೇ ತೆಗುದ್ರು."

"ನಿಂದಾ?" ಅಂದರು ಇಬ್ಬರೂ.

"ನಿಮ್ಮಜ್ಜೀನೂ ಪಾಪಕ್ಕ, ನಾನೂ ಪಾಪಕ್ಕ. ಅತ್ತೆ ಹೆಸ್ರು ಸೊಸೆಗೂ ಇದ್ರೆ ಹೆಸ್ರು ಹಿಡ್ದು ಬಯ್ಯಾಕಾಗಲ್ಲ ಅಂತ, ಮನೆ ತುಂಬಿಸ್ಕೊಂಡ ದಿನವೇ ಕೊಲ್ಲಾಪುರಮ್ಮ ಅಂದ್ಬುಟ್ರು. ನನ್ನ ಯಾರು ಕೇಳಿದ್ರು?"

ಇಷ್ಟೊತ್ತು ತಾಯಿ ಹೆಸರಿಗೆ ಗುದ್ದಾಡಿದವರಿಗೆ ತಾಯಿ ಹೆಸರೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಇವನದಕ್ಕೆ ನಿಮ್ಮ ಆ ಹಳೇ ಹೆಸರೇ ಇಡ್ಲಾ ಅತ್ತೆ?" ಅಂದೆ.

"ಇಡು ಕಣಮ್ಮ."

ಈ ಸಲ ಯಾರೂ ಬೇಡ ಅನ್ನಲಿಲ್ಲ. ಎರಡೂ ಒಂದೇ ಹೆಸರಾದ್ದರಿಂದ ಹೆಸರು ಹೇಳಿ ಬದಲಾಯಿಸೋಕಾಗಲ್ಲ. ಚೇತನ್ ಗುಂಪಿನ ಉದ್ದನೆ ಗುರುತಿನ ಸಂಖ್ಯೆ ಹಾಕಿ, ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಪಾಪಕ್ಕ ಅಂತ ಟೈಪ್ ಮಾಡಿ, ಎಂಟರ್ ಒತ್ತಿದೆ. ಹೆಸರು ಬದಲಾಯಿತು ಅಂತ ಬಂತು. ಮದುವೆ ವಿಡಿಯೋಗಳೆಲ್ಲ ಸಾಲಾಗಿ ತೆರೆದುಕೊಂಡವು.

ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಸ್ಕ್ರೀನ್ ನೋಡಿದರು. ಅವರಿಗೆ ಓದೋಕೆ ಬರಲ್ಲ.

"ಎಲ್ಲಿ, ಏನೈತೆ ಓದು."

ಸೊಸೆಯಾದವಳು ಅತ್ತೆ ಹೆಸರು ಹೇಳಬಾರದು. ನಾನು ಹಿಂದೆ ಮುಂದೆ ನೋಡಿದೆ.

"ಓದಮ್ಮ, ಪರವಾಗಿಲ್ಲ."

"ಪಾಪಕ್ಕ," ಅಂದೆ.

"ಓ," ಅಂದರು ಅತ್ತೆ, ಯಾರೋ ತವರಿನವರು ಕೂಗಿದಂಗೆ.