ಒದ್ದೆಯಾಗದ ಹೂವು

ಪೆರು ದೇಶದಿಂದ ಬಂದ ಮೂರನೇ ದಿನ ಈರಪ್ಪ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದ ಚಿತ್ರವನ್ನು ಕಿತ್ತುಹಾಕಿದ. ಅವನ ಹೆಂಡತಿ ಶರಣಮ್ಮನಿಗೆ ಸಂಶಯ ಹುಟ್ಟಿದ್ದು ಅಂದೇ.

ಅದು ಹನ್ನೊಂದು ವರ್ಷದ ಹಿಂದೆ ಯಾವುದೋ ಬೇರಿಂಗ್ ಕಂಪನಿಯ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ್ದ ಚಿತ್ರ. ಮೋಡದ ಮೇಲೆ ಬೆಟ್ಟ, ಬೆಟ್ಟದ ಮೇಲೆ ಸೂರಿಲ್ಲದ ಕಲ್ಲುಮನೆಗಳು. ಇಂಕಾ ಅರಸರ ಕಾಲದ ಪಾಳುಪಟ್ಟಣ. ಪೀಣ್ಯದ ಪಂಪು ಕಾರ್ಖಾನೆಗೆ ಹೊರಡುವ ಮುನ್ನ ಅಂಗಿ ತೆಗೆಯಲು ಬೀರು ತೆರೆದಾಗಲೆಲ್ಲ ಈರಪ್ಪ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದ.

"ಗಾರಿ ಇಲ್ಲ, ಸುಣ್ಣ ಇಲ್ಲ. ಕಲ್ಲಿಗೆ ಕಲ್ಲು ಕೂಡಿಸ್ಯಾರ ನೋಡು. ನಡುವ ಒಂದು ಬ್ಲೇಡ್ ಸೈತ ಹೋಗಂಗಿಲ್ಲಂತ," ಎನ್ನುತ್ತಿದ್ದ.

"ನಿಮ್ಮ ಬೆಲ್ಟಿಗೂ ಹೊಟ್ಟಿಗೂ ನಡುವ ಸೈತ ಹೋಗಂಗಿಲ್ಲ ಬಿಡ್ರಿ," ಎಂದು ಶರಣಮ್ಮ ರೊಟ್ಟಿ ತಟ್ಟುತ್ತಲೇ ಉತ್ತರ ಕೊಡುತ್ತಿದ್ದಳು.

ಅಂಥವನಿಗೆ ತೊಂಬತ್ತೇಳರ ಜೂನಿನಲ್ಲಿ ಅದೃಷ್ಟ ಖುಲಾಯಿಸಿತು. ಪೆರುವಿನ ಗಣಿಯೊಂದಕ್ಕೆ ಹೋದ ಪಂಪುಗಳನ್ನು ಕೂಡಿಸಿ ಬರಲು ಕಂಪನಿ ಅವನನ್ನೇ ಕಳಿಸಿತು. ಕೆಲಸ ಮುಗಿದ ಮೇಲೆ ಗಣಿಯ ಎಂಜಿನಿಯರುಗಳ ಜತೆ ನಾಲ್ಕು ದಿನ ಬೆಟ್ಟ ಹತ್ತಿಳಿದು ಆ ಪಟ್ಟಣ ನೋಡಿಕೊಂಡೇ ಬರುತ್ತೇನೆಂದು ಫೋನಿನಲ್ಲಿ ಕೂಗಿ ಹೇಳಿದ್ದ. ವಯಸ್ಸು ಐವತ್ತೆರಡು, ಜಾಲಹಳ್ಳಿಯ ತಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತುವಾಗಲೇ ಎರಡು ಕಡೆ ನಿಂತು ಕಿಟಕಿ ನೋಡುವ ನೆಪ ಮಾಡುವವನು. ಶರಣಮ್ಮನಿಗೆ ನಗು ಬಂದಿತ್ತು, ಭಯವೂ ಆಗಿತ್ತು.

ಬಂದವನು ಸೊರಗಿದ್ದ. ಬೆಟ್ಟ ಹೇಗಿತ್ತು ಎಂದರೆ "ಎತ್ತರ ಇತ್ತು" ಎಂದ. ಕಲ್ಲು? "ಇದ್ವು." ಹನ್ನೊಂದು ವರ್ಷ ಕಲ್ಲಿನ ಪುರಾಣ ಹೇಳಿ ತಲೆ ತಿಂದವನು ಕಣ್ಣಾರೆ ಕಂಡು ಬಂದಮೇಲೆ ಎರಡು ಮಾತಿನಲ್ಲಿ ಕತೆ ಮುಗಿಸಿದ. ಆಮೇಲೆ ಚಿತ್ರವನ್ನೂ ಕಿತ್ತ.

ಇನ್ನೊಂದು ಸಂಗತಿ ಅವಳನ್ನು ಹೆಚ್ಚು ಚುಚ್ಚಿತು. ಮದುವೆಯಾಗಿ ಇಪ್ಪತ್ತಾರು ವರ್ಷ, ಬೆಳಗಿನ ಚಹಾ ಅವನದೇ. ಮಾಡಿ ಅವಳ ಕೈಗೆ ತಂದುಕೊಡುವುದು ಅವನ ರೂಢಿ. ಈಗ ಬೆಳಗ್ಗೆ ಎದ್ದು ಸುಮ್ಮನೆ ಬಾಲ್ಕನಿಯಲ್ಲಿ ನಿಲ್ಲುತ್ತಾನೆ. ಕೇಳಿದರೆ, "ಇನ್ನ ಮ್ಯಾಲೆ ನೀನ ಮಾಡ್ಕೋ," ಎಂದ. ಊಟಕ್ಕೆ ಕೂತಾಗ ಒಂದು ಲೋಟ ನೀರು ಬಗ್ಗಿಸಿ ಕೊಡಲೂ ಅವನ ಕೈ ಹಿಂದೆ ಸರಿಯುತ್ತಿತ್ತು.

ಶರಣಮ್ಮ ಸುಮ್ಮನೆ ಬಿಡುವ ಹೆಂಗಸಲ್ಲ. ಕೊಪ್ಪಳದ ಕಡೆಯ ಕಟ್ಟಾ ಶಿವಭಕ್ತರ ಮಗಳು. ಕೊರಳಿನ ಇಷ್ಟಲಿಂಗ ಮೈಯಿಂದ ಒಂದು ಗಳಿಗೆಯೂ ಅಗಲಬಾರದು, ಅಗಲಿಸಿಕೊಂಡವರ ಕೈನೀರು ಕುಡಿಯಬಾರದು ಎಂದು ಅಪ್ಪ ಹೇಳಿದ್ದನ್ನು ಸೀರೆ ಪಾತ್ರೆಗಳ ಜತೆ ಬೆಂಗಳೂರಿಗೂ ಕಟ್ಟಿಕೊಂಡು ಬಂದಿದ್ದಳು. ನೆಲಮಹಡಿಯ ಶೇಖವ್ವ ತಮ್ಮವಳೇ, ಗದಗಿನವಳು. ಮೂರು ವರ್ಷದ ಹಿಂದೆ ಗಂಡಹೆಂಡಿರು ಅವಳ ಮನೆಗೆ ಹೋಗಿದ್ದಾಗ, ಲಿಂಗವಿರುವ ಬೆಳ್ಳಿಯ ಕರಡಿಗೆ ದೇವರಗೂಡಿನ ಮೊಳೆಗೆ ತೂಗುತ್ತಿದ್ದುದು ಶರಣಮ್ಮನ ಕಣ್ಣಿಗೆ ಬಿತ್ತು. ತುಟಿಯವರೆಗೆ ಎತ್ತಿದ್ದ ನೀರಿನ ಲೋಟವನ್ನು ಟೀಪಾಯಿಯ ಮೇಲಿಟ್ಟು ಎದ್ದಳು. "ಲಿಂಗ ಮೊಳಿಗೆ ಹಾಕಿದಾಕಿ ಜೀವ ಎಲ್ಲಿಗೆ ತೂಗಹಾಕ್ಯಾಳ?" ಎಂದು ಮೆಟ್ಟಿಲು ಹತ್ತುತ್ತ ಗಂಡನಿಗೆ ಹೇಳಿದ್ದಳು. ಅಂದಿನಿಂದ ಆ ಮನೆಯ ಹನಿ ನೀರು ಮುಟ್ಟಿಲ್ಲ.

ಸಂಶಯಕ್ಕೆ ರೆಕ್ಕೆ ಬಂದದ್ದು ಕಾರ್ಖಾನೆಯ ಸ್ಟೋರಿನ ಮುನಿರಾಜುವಿನಿಂದ. ಚಿಕ್ಕಬಾಣಾವರದವನು, ಬಾಯಿಗೆ ಬೀಗವಿಲ್ಲ. ಈರಪ್ಪ ಡ್ಯೂಟಿಗೆ ಹೋಗಿದ್ದ ಹೊತ್ತಿನಲ್ಲಿ ಫೋಟೋಗಳ ಲಕೋಟೆ ಹಿಡಿದು ಬಂದ.

"ಕಂಪ್ನಿ ಕ್ಯಾಮ್ರಾ ರೀಲು ಅಕ್ಕಾ. ಸಾರ್ ಡ್ರಾಯರ್‌ನಾಗೆ ಎಸ್ದುಬಿಟ್ಟಿದ್ರು. ನಾನೇ ತೊಳೆಸ್ಕಂಡ್ ಬಂದೆ. ಏನ್ ಬೆಟ್ಟ ಅಂತೀರಾ, ನಮ್ ಶಿವಗಂಗೆ ಅದ್ರ ಮುಂದೆ ಮೆಟ್ಟಿಲು!"

ಒಂದೊಂದಾಗಿ ತೋರಿಸಿದ. ಮಂಜು, ಕಲ್ಲುದಾರಿ, ಮೂಟೆ ಹೊತ್ತ ಜನ. ಮೊದಲ ಫೋಟೋಗಳಲ್ಲಿ ಈರಪ್ಪ ಹಲ್ಲು ಬಿಟ್ಟು ನಕ್ಕಿದ್ದ. ಆಮೇಲೆ ಒಂದು ಫೋಟೋ ಬಂತು. ದುಂಡನೆಯ ಟೋಪಿ, ಎರಡು ಜಡೆಯ ಹೆಂಗಸೊಬ್ಬಳು ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಮುಚ್ಚಿ ಹಿಡಿದಿದ್ದಳು. ಈರಪ್ಪನ ಕಣ್ಣು ಕೆಂಪಾಗಿತ್ತು.

"ಈಯಮ್ಮ ಯಾರಕ್ಕಾ? ಸಾರ್ ಕೈನ ಇಂಗೆ ಇಡ್ಕಂಡವ್ಳಲ್ಲ!" ಎಂದು ಮುನಿರಾಜು ನಕ್ಕ.

"ಅಡಗಿಯಾಕಿ ಇರಬೇಕು," ಎಂದಳು ಶರಣಮ್ಮ. ಬಾಯಿಗೆ ಬಂದ ಮಾತು ಅದು. ಅವನು ಹೋದ ಮೇಲೆ ಉಳಿದ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆ ಹೆಂಗಸಿನ ನಂತರದ ಪ್ರತಿಯೊಂದರಲ್ಲೂ, ಹನ್ನೊಂದು ವರ್ಷ ಕನವರಿಸಿದ ಪಟ್ಟಣದ ಮುಂದೆಯೂ, ಈರಪ್ಪನ ಬಲಗೈ ಎದೆಯ ಮೇಲೇ ಇತ್ತು. ಮುಖದಲ್ಲಿ ನಗುವಿರಲಿಲ್ಲ. ಮನಸ್ಸನ್ನು ಎಲ್ಲಿಯೋ ಬಿಟ್ಟುಬಂದವರು ಹೀಗೇ ನಿಲ್ಲುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು. ಲಕೋಟೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟಳು.

ಅಲ್ಲಿಂದ ಮುಂದೆ ಅವಳ ಕಣ್ಣು ಅವನ ಬೆನ್ನ ಹಿಂದೆಯೇ. ಮೊದಲು ನಡುಮನೆಯಲ್ಲಿ ಅವಳ ಎದುರೇ ಪೂಜೆಗೆ ಕೂರುತ್ತಿದ್ದವನು ಈಗ ಮಲಗುವ ಕೋಣೆ ಸೇರಿ ಚಿಲಕ ಹಾಕುತ್ತಿದ್ದ. ರಾತ್ರಿ ಮಲಗುವಾಗಲೂ ಅಂಗಿಯ ಕೊರಳ ಗುಂಡಿ ಬಿಚ್ಚುತ್ತಿರಲಿಲ್ಲ. ತಟ್ಟೆಯಲ್ಲಿ ನೀರಿನ ತಂಬಿಗೆ, ವಿಭೂತಿ, ಒಂದು ಕಣಗಿಲೆ ಹೂವು ಇಟ್ಟುಕೊಡುವುದು ಶರಣಮ್ಮನ ಕೆಲಸ. ಅರ್ಧ ಗಂಟೆಗೆ ಹೊರಬಂದರೆ ಹಣೆಯ ಮೇಲೆ ವಿಭೂತಿಯೇನೋ ಇರುತ್ತಿತ್ತು. ಅದು ಹೊರಗಿನವರಿಗೆ ಕಾಣುವಂಥದು. ಪೂಜೆಯಾದರೆ ಅಂಗೈಯ ಲಿಂಗದ ಮೇಲೆ ನೀರು ಬೀಳಬೇಕು, ಹೂವೇರಬೇಕು. ಒಂದು ದಿನ ತಟ್ಟೆ ಎತ್ತಿಕೊಂಡಾಗ ಹೂವು ಮುಟ್ಟಿದಳು. ಅದಕ್ಕೆ ನೀರೇ ಸೋಕಿರಲಿಲ್ಲ. ಮರುದಿನ ತಂಬಿಗೆಯ ಕಂಠದ ಗೆರೆಗೆ ಸರಿಯಾಗಿ ನೀರು ತುಂಬಿಸಿಟ್ಟಳು. ತಿರುಗಿ ಬಂದಾಗ ನೀರು ಗೆರೆಯಲ್ಲೇ ಇತ್ತು. ಮೂರು ದಿನ ಹೀಗೇ ನೋಡಿದಳು. ಮೂರು ದಿನವೂ ಹೂವು ಒದ್ದೆಯಾಗಲಿಲ್ಲ.

ಪೂಜೆ ಮಾಡದವನು ಚಿಲಕ ಹಾಕಿಕೊಂಡು ಅರ್ಧ ಗಂಟೆ ಏನು ಮಾಡುತ್ತಾನೆ? ಕಾಗದ ಬರೆಯುತ್ತಾನೆ, ಇನ್ನೇನು. ಜಾಲಹಳ್ಳಿಯ ಪೋಸ್ಟಾಫೀಸಿನಿಂದ ಪೆರುವಿಗೆ ಕಾಗದ ಹೋಗುತ್ತದೆಯೇ ಎಂದು ಪೋಸ್ಟ್‌ಮನ್ನನ್ನೂ ಕೇಳಿಬಿಟ್ಟಳು. "ದುಡ್ಡು ಕೊಟ್ರೆ ಎಲ್ಲಿಗ್ ಬೇಕಾದ್ರೂ ಹೋಗ್ತದೆ ಮೇಡಂ," ಎಂದ ಅವನು. ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರವನ್ನು ಟೋಪಿ ಹಾಕಿದವಳೊಬ್ಬಳು ನಾಲ್ಕೇ ದಿನದಲ್ಲಿ ಕಿತ್ತುಕೊಂಡಳೆಂದರೆ ಯಾರ ಮುಂದೆ ಹೇಳಿಕೊಳ್ಳುವುದು? ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಕುದಿದವು.

ಭಾನುವಾರ ಬೆಳಗ್ಗೆ ಚಿಲಕ ಬಿದ್ದ ಸದ್ದು ಕೇಳಿದ ಕೂಡಲೇ ಲಕೋಟೆ ತೆಗೆದುಕೊಂಡು ಹೋಗಿ ಬಾಗಿಲು ಬಡಿದಳು.

"ಬಾಗ್ಲಾ ತೆಗೀರಿ. ಇಲ್ಲಾಂದ್ರ ನಾಲ್ಕು ಮಂದಿನ್ನ ಕರದು ಒಡಸ್ತೀನಿ."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಒಳಗೆ ಕಾಗದವಿಲ್ಲ, ಪೆನ್ನಿಲ್ಲ. ಈರಪ್ಪ ಮಡಿಪಂಚೆಯಲ್ಲಿ ನಿಂತಿದ್ದ. ಎಡಗೈ ಮುಷ್ಟಿ ಬಿಗಿದಿತ್ತು.

ಅವಳು ಫೋಟೋವನ್ನು ಹಾಸಿಗೆಯ ಮೇಲೆ ಎಸೆದಳು. "ಯಾರ್ರೀ ಈಕಿ? ಕೈಯಾಗೇನು ಕೊಟ್ಟಾಳ? ತೋರಸ್ರಿ."

ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ನೇರಳೆಹಣ್ಣಿನಷ್ಟು ದಪ್ಪದ, ಬೂದುಬಣ್ಣದ ಹಳ್ಳದ ಕಲ್ಲೊಂದಿತ್ತು. ಶರಣಮ್ಮನ ಕಣ್ಣು ಕಲ್ಲಿನಿಂದ ಅವನ ಬರಿಯೆದೆಗೆ ಹೋಯಿತು. ಅಲ್ಲಿ ಶಿವದಾರವಿರಲಿಲ್ಲ, ಕರಡಿಗೆಯೂ ಇರಲಿಲ್ಲ.

"ಲಿಂಗ?" ಎಂದಳು.

ಈರಪ್ಪ ಹಾಸಿಗೆಯ ಅಂಚಿನಲ್ಲಿ ಕೂತ. "ಎರಡನೇ ದಿವಸ. ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರ. ಹತ್ತು ಹೆಜ್ಜಿ ಇಟ್ಟರ ಉಸಿರು ನಿಲ್ಲತಿತ್ತು. ಸ್ವೆಟರಿನ ಒಳಗ ಕರಡಿಗಿ ಎದಿ ಒತ್ತಾಕತ್ತು ಅಂತ ಹೊರಗ ತೆಗದು ಹಾಕ್ಕೊಂಡೆ. ಅದ ತಪ್ಪಾತು. ಇಳಿಯುವಾಗ ಆಣೆಕಲ್ಲಿನ ಮಳಿ ಬಿತ್ತು, ಕಾಲು ಜಾರಿದೆ. ಬ್ಯಾಗಿನ ಪಟ್ಟಿಗೆ ಸಿಕ್ಕು ದಾರ ಹರೀತು. ಕಣ್ಣ ಮುಂದ ಕಣಿವಿಗೆ ಹೋತು."

"ಮತ್ತ ಈಕಿ?"

"ನಮ್ಮ ಗುಂಪಿನ ಅಡಗಿಯಾಕಿ. ಹೆಸರು ಸೈತ ಕೇಳಲಿಲ್ಲ. ಎಲ್ಲಾರೂ ಮುಂದ ಹೋದ್ರು, ಆಕಿ ನಿಂತಳು. ಕಳಕೊಂಡಿದ್ದು ಇಷ್ಟು ದೊಡ್ಡದು ಅಂತ ಕೈಲೆ ತೋರಿಸಿದೆ. ಕಣಿವಿಗೆ ಇಳದು ಎರಡು ತಾಸು ಹುಡುಕಿದಳು. ಸಿಗಲಿಲ್ಲ. ಕಡೀಕ ಹಳ್ಳದಾಗಿಂದ ಈ ಕಲ್ಲು ಆರಿಸಿ ತಂದು ಅಂಗೈಯಾಗ ಇಟ್ಟು ಮುಚ್ಚಿದಳು. ನನ್ನ ಕರಕೊಂಡು ಹೋಗಾಕ ತಿರುಗಿ ಬಂದ ಎಂಜಿನಿಯರು ಚೇಷ್ಟಿಗೆ ಫೋಟೋ ತೆಗದ."

"ನನಗ್ಯಾಕ ಹೇಳಲಿಲ್ರಿ? ಮಠಕ್ಕ ಹೋದರ ಸ್ವಾಮಿಗಳು ಬ್ಯಾರೆ ಲಿಂಗ ಕಟ್ಟತಾರ. ಅವರು ಬೈದರ ಎಷ್ಟು ಬೈದಾರು?"

"ಸ್ವಾಮಿಗಳಿಗೆ ಹೆದರಲಿಲ್ಲ." ಅವನು ತಂಬಿಗೆಯನ್ನೇ ನೋಡುತ್ತಿದ್ದ. "ಶೇಖವ್ವನ ಮನ್ಯಾಗ ನೀ ಲೋಟ ಕೆಳಗಿಟ್ಟಿದ್ದು ಬಾಜೂಕ ಕೂತು ನೋಡಿದವ ನಾನು. ಆಕಿ ಮಾರಿ ನೀ ನೋಡಲಿಲ್ಲ, ನಾ ನೋಡಿದೆ. ಹೇಳದ ನಿನಗ ಚಹಾ ಕೊಟ್ಟರ ಮೋಸ. ಹೇಳಿ ಕೊಟ್ಟಾಗ ನೀ ಕಪ್ಪು ಕೆಳಗಿಟ್ಟರ?"

ಒಂದು ಗಳಿಗೆ ಮೊದಲು ಇನ್ನೊಬ್ಬಳಿಲ್ಲ ಎಂದು ಹಗುರಾಗಿದ್ದ ಶರಣಮ್ಮನ ಎದೆ ಈಗ ಮೊದಲಿಗಿಂತ ಭಾರವಾಯಿತು. ತಾನು ಶೇಖವ್ವನ ಮೇಲೆ ಆಡಿದ ಮಾತು ಪೆರುವಿನ ಬೆಟ್ಟದವರೆಗೆ ಹೋಗಿ ತನ್ನ ಗಂಡನ ಎದೆಯ ಮೇಲೆಯೇ ಕೂತಿತ್ತು. ಹನ್ನೊಂದು ವರ್ಷ ಕಾದು ನೋಡಿದ ಪಟ್ಟಣವನ್ನು ಅವನು ಕಣ್ತುಂಬ ನೋಡಲಾಗಲಿಲ್ಲವೆಂದರೆ ಅದಕ್ಕೆ ಕಾರಣ ತಾನು. ಅವಳಿಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡಳು.

"ನಾಳೆ ರಜಾ ಹಾಕ್ರಿ, ಮಠಕ್ಕ ಹೋಗೂಣು," ಎಂದಳು. "ಈಗ ಎದ್ದು ಚಹಾ ಮಾಡ್ರಿ."

ಅವನು ಮಾಡಿ ತಂದ. ಸಕ್ಕರೆ ಮರೆತಿದ್ದ. ಅವನ ಮುಖ ನೋಡುತ್ತಲೇ ಅವಳು ಅಷ್ಟನ್ನೂ ಕುಡಿದು ಕಪ್ಪನ್ನು ಮತ್ತೆ ಅವನ ಕೈಗೇ ಕೊಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೂರು ಮಹಡಿ ಇಳಿದಳು.

ಶೇಖವ್ವ ಬಾಗಿಲು ತೆರೆದು, ಮೂರು ವರ್ಷ ಹೊಸ್ತಿಲು ತುಳಿಯದವಳನ್ನು ಅನುಮಾನದಿಂದ ಮೇಲಿಂದ ಕೆಳಗೆ ನೋಡಿದಳು. ಇಂದು ಹಾಗೆ ನೋಡುವ ಸರದಿ ಅವಳದು.

"ಏನ್ ಬೇಕಾಗಿತ್ರಿ?"

"ಒಂದು ಲೋಟ ನೀರು ಕೊಡ್ರಿ."

ಶೇಖವ್ವ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ತಂದಳು. ಕೊಟ್ಟವಳು ಅಲ್ಲೇ ನಿಂತಳು. ಶರಣಮ್ಮ ದೇವರಗೂಡಿನ ಮೊಳೆಯ ಕಡೆ ನೋಡಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಲೋಟ ಎತ್ತಿ ತಳ ಕಾಣುವವರೆಗೆ ಕುಡಿದು, ಖಾಲಿ ಲೋಟವನ್ನು ಮುಂದೆ ಚಾಚಿದಳು.

"ಇನ್ನಷ್ಟು ಹಾಕ್ರಿ," ಎಂದಳು.