ಬಿಡದ ಹಿಡಿ

ಕಟಿಂಗ್ ಶಾಪು ಅಣ್ಣ ತಂಗಿಯರದು. ಗಂಡಸರ ಕಡೆ ಅಣ್ಣ, ಹೆಂಗಸರ ಕಡೆ ತಂಗಿ, ನಡುವೆ ಒಂದು ಪರದೆ. ತಂಗಿಯ ಕೈಗೆ ಹಿಡಿದದ್ದನ್ನು ತಟ್ಟನೆ ಬಿಡುವ ಅಭ್ಯಾಸವೇ ಇರಲಿಲ್ಲ. ಚಳಿಯ ಬೆಳಿಗ್ಗೆ ಕತ್ತರಿ ಹಿಡಿದರಂತೂ ಬೆರಳುಗಳು ಬಿಚ್ಚಿಕೊಳ್ಳಲು ಸತಾಯಿಸುತ್ತಿದ್ದವು. ಕಂಡ ವೈದ್ಯರೆಲ್ಲ ಅದು ಬರೀ ಮನಸ್ಸಿನ ಭ್ರಮೆ ಎಂದು ಹೇಳಿ ಕಳಿಸಿದರು. ಕೊನೆಗೆ ನರರೋಗ ತಜ್ಞೆಯೊಬ್ಬರು ಪರೀಕ್ಷೆ ಮಾಡಿಸಿ ಹೆಸರು ಹೇಳಿದರು: ಮಯೋಟೋನಿಯಾ. ಲಕ್ಷಕ್ಕೊಬ್ಬರಿಗೆ ಬರುವಂಥದ್ದು; ಬಿಗಿದ ಸ್ನಾಯು ಬೇಗ ಸಡಿಲವಾಗುವುದಿಲ್ಲ.

"ಇನ್ನು ಕತ್ತರಿ ಮುಟ್ಟಬೇಡ, ಗಲ್ಲಾದಲ್ಲಿ ಕೂತ್ಕೋ. ಯಾರಿಗೂ ಹೇಳೋಕೂ ಹೋಗ್ಬೇಡ," ಅಂದ ಅಣ್ಣ.

ಅವಳು ಕೂರಲಿಲ್ಲ. ಈ ಕಾಯಿಲೆಯ ಬಗ್ಗೆ ದೊಡ್ಡ ವೈದ್ಯರು ಮಾಡಿದ ಉಪನ್ಯಾಸಗಳನ್ನು ಮೊಬೈಲಿನಲ್ಲಿ ಹುಡುಕಿ, ಟವೆಲ್ ಮಡಚುತ್ತ ಕೇಳತೊಡಗಿದಳು. ಮೊದಮೊದಲು ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹಟ ಹಿಡಿದು ಮತ್ತೆ ಮತ್ತೆ ಹಾಕಿ ಕೇಳಿದಳು. ಒಂದೇ ಚಲನೆಯನ್ನು ಹಲವು ಸಲ ಮಾಡಿದರೆ ಬಿಗಿ ಇಳಿಯುತ್ತದೆ ಎಂಬುದು ಹೀಗೆ ತಿಳಿಯಿತು. ಮರುದಿನ ಗಿರಾಕಿ ಟೀಚರಮ್ಮನ ಮುಂದೆಯೇ ಗಾಳಿಯಲ್ಲಿ ಕತ್ತರಿ ಆಡಿಸಿದಳು. ಇದೇನೆಂದು ಕೇಳಿದ ಅವರಿಗೆ ಕಾಯಿಲೆಯ ಹೆಸರು ಹೇಳಿ, ಇಂಜಿನ್ ಬಿಸಿಯಾಗಬೇಕಲ್ಲ ಎಂದಳು. ಟೀಚರಮ್ಮ ನಕ್ಕು ಕುರ್ಚಿಗೊರಗಿದರು. ಪರದೆಯಾಚೆ ಅಣ್ಣ ಹಲ್ಲು ಕಡಿದ.

ಮುಂದೊಂದು ಉಪನ್ಯಾಸ ಕೇಳುವಾಗ ಅವಳು ಟವೆಲ್ ಮಡಚುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಒಡಹುಟ್ಟಿದವರಿಗೂ ಇರಬಹುದು, ಕೆಲವರಿಗೆ ಕಾಲಿನಲ್ಲೇ ಜಾಸ್ತಿ, ಎದ್ದಾಗ ಮೊದಲ ಹೆಜ್ಜೆ ಕಿತ್ತಿಡಲಾಗುವುದಿಲ್ಲ ಎಂದರು ಆ ವೈದ್ಯರು. ಅಣ್ಣ ಚಿಕ್ಕಂದಿನಿಂದಲೂ ಎದ್ದರೆ ಗೋಡೆ ಹಿಡಿದು ನಿಲ್ಲುತ್ತಿದ್ದ, ಕಾಲು ಜೋಮು ಅನ್ನುತ್ತಿದ್ದ. ಊಟದ ಹೊತ್ತಿಗೆ ಬಾಗಿಲು ಮುಂದೆ ಮಾಡಿ ಅವಳು ಕೇಳಿಯೇಬಿಟ್ಟಳು.

"ಅದು ಜೋಮು ಅಲ್ಲ ತಾನೇ ಅಣ್ಣಾ?"

ಭಾಷಣ ಕೇಳಿ ಕೇಳಿ ನಿನಗೆ ತಲೆ ಕೆಟ್ಟಿದೆ ಎಂದು ಅವನು ಮೊದಲು ರೇಗಿದ. ಆಮೇಲೆ ದನಿ ಇಳಿಸಿ, ಶಾಲೆಯ ಓಟದ ಪಂದ್ಯದಲ್ಲಿ ಸೀಟಿ ಊದಿದ್ದೇ ಕೊರಡಿನಂತೆ ಬಿದ್ದದ್ದನ್ನೂ ಮೈದಾನವೆಲ್ಲ ನಕ್ಕದ್ದನ್ನೂ ಹೇಳಿದ. ಜನ ಸೇರಿದಲ್ಲೆಲ್ಲ ಅವನು ಕೂರದೆ ನಿಂತೇ ಇರುತ್ತಿದ್ದುದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಮರುಕವೂ ಆಯಿತು, ಸಿಟ್ಟೂ ಬಂತು.

"ನೀನು ಅವಿತುಕೊಂಡಿದ್ದು ಸಾಲದು ಅಂತ ನನ್ನನ್ನೂ ಬಚ್ಚಿಡೋಕೆ ಹೊರಟ್ಯಾ? ನನ್ನ ಕೈಲಾಗಲ್ಲ. ನಾವೇನು ಕಳ್ಳತನ ಮಾಡಿದ್ದೀವಾ?"

ಆ ಭಾನುವಾರ ಅದೇ ವೈದ್ಯರ ಉಪನ್ಯಾಸ ಊರಿನ ಆಸ್ಪತ್ರೆಯ ಸಭಾಂಗಣದಲ್ಲಿತ್ತು, ರೋಗಿಗಳೂ ಬರಬಹುದಿತ್ತು. ಬರೋದಿಲ್ಲ ಎಂದವನನ್ನು ಹೊರಡಿಸಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದಳು. ಮಾತು ಮುಗಿಸಿದ ವೈದ್ಯರು, ಈ ಕಾಯಿಲೆ ಇರುವವರು ಯಾರಾದರೂ ಬಂದು ಮಾತಾಡುತ್ತೀರಾ ಎಂದು ಕೇಳಿದರು. ಅವಳು ವೇದಿಕೆ ಹತ್ತಿದಳು. ಕತ್ತರಿ ಬಿಟ್ಟಿಲ್ಲ, ಬಿಡುವುದೂ ಇಲ್ಲ ಎಂದಳು.

ಮತ್ಯಾರಾದರೂ ಇದ್ದೀರಾ ಎಂದರು ವೈದ್ಯರು. ಅಣ್ಣ ಕುರ್ಚಿಯ ಕೈ ಹಿಡಿದು ಎದ್ದ. ಕಾಲು ಅಲ್ಲೇ ಸೆಟೆದು ನಿಂತಿತು. ನರ್ಸೊಬ್ಬಳು ಹಿಡಿದುಕೊಳ್ಳಲು ಧಾವಿಸಿದಳು.

"ಬೇಡಮ್ಮ," ಅಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ನಂಗೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಕಾಯ್ಲಿ."

ಎಲ್ಲರೂ ಕಾದರು. ಅವನು ತಲೆ ತಗ್ಗಿಸಲಿಲ್ಲ.